ಪ್ಲೇಟ್‌ಗೆ ಕಳಿಸುವ ಮುನ್ನ ಫೈಲ್ ನೋಡುವುದು ಹೇಗೆ

ಕೆಲವು ವರ್ಷಗಳ ಹಿಂದೆ ಒಂದು ಕವನ ಸಂಕಲನದ ಮುಖಪುಟವನ್ನು ನಾನೇ ಪ್ಲೇಟ್‌ಗೆ, ಅಂದರೆ ಮುದ್ರಣದ ಮಷೀನ್‌ಗೆ ಏರಿಸುವ ಅಚ್ಚಿನ ತಗಡಿಗೆ, ಕಳಿಸಿದ್ದೆ. ಕಡುನೀಲಿ ಹಿನ್ನೆಲೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ ಕವಯಿತ್ರಿಯ ಹೆಸರು. ಪರದೆಯಲ್ಲಿ ಎಲ್ಲ ಸರಿಯಾಗಿತ್ತು. ಲೇಸರ್ ಪ್ರಿಂಟ್ ತೆಗೆದು ಅವರಿಗೂ ತೋರಿಸಿದ್ದೆವು, ಸಹಿ ಹಾಕಿಕೊಟ್ಟಿದ್ದರು. ಮಷೀನ್ ಓಡಿದ ಮೇಲೆ ಹಾಳೆ ನೋಡಿದರೆ ನೀಲಿ ಮಾತ್ರ ಇದೆ, ಹೆಸರಿಲ್ಲ. ಅವರಿಗೆ ಅದು ಮೊದಲ ಪುಸ್ತಕ. ಫೋನ್ ಮಾಡಿ ವಿಷಯ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಹೆಸರು ಯಾಕೆ ಮಾಯವಾಯಿತು ಅನ್ನುವುದನ್ನು ಬಣ್ಣದ ಭಾಗದಲ್ಲಿ ಹೇಳುತ್ತೇನೆ. ಅಲ್ಲಿಂದ ಮುಂದೆ ಯಾವ ಫೈಲ್ ಬಂದರೂ ನಾನು ನೋಡುವ ಕ್ರಮ ಇದು. ಡಿಟಿಪಿ ಮಾಡುವವರಿಗೆ, ಸ್ವಂತ ದುಡ್ಡಿನಲ್ಲಿ ಪುಸ್ತಕ ಹಾಕಿಸುವವರಿಗೆ, ಪ್ರೆಸ್ಸಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಪ್ಲೇಟ್‌ಗೆ ಬಣ್ಣ ಗೊತ್ತಿಲ್ಲ, ಅಕ್ಷರವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ: ಇಲ್ಲಿ ಚುಕ್ಕಿ ಇದೆ, ಇಲ್ಲಿ ಚುಕ್ಕಿ ಇಲ್ಲ. ಸಯಾನ್, ಮೆಜೆಂತಾ, ಯೆಲ್ಲೊ, ಬ್ಲ್ಯಾಕ್ ಅಂತ ನಾಲ್ಕು ಅಲ್ಯೂಮಿನಿಯಂ ತಗಡು, ಒಂದೊಂದರ ಮೇಲೂ ಚುಕ್ಕಿಗಳು ಅಷ್ಟೇ. ನಮ್ಮ ಕಣ್ಣಿಗೆ ಪರದೆಯಲ್ಲಿ ಕಾಣುವುದು ಆ ನಾಲ್ಕೂ ಸೇರಿದ ಮೇಲಿನ ಊಹೆ. ಆದ್ದರಿಂದ ಪರೀಕ್ಷೆ ಅಂದರೆ ಪರದೆಯ ಚಿತ್ರ ನೋಡುವುದಲ್ಲ, ಪ್ಲೇಟ್ ಮೇಲೆ ಏನು ಬೀಳುತ್ತದೆ ಅಂತ ನೋಡುವುದು.

ಮೊದಲು ಚೀಟಿ, ಆಮೇಲೆ ಫೈಲ್

ಫೈಲ್ ತೆರೆಯುವ ಮೊದಲು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಕಟಿಂಗ್ ಆದ ಮೇಲಿನ ಅಳತೆ ಎಷ್ಟು? ಒಟ್ಟು ಪುಟ ಎಷ್ಟು? ಒಳಪುಟ ಸಿಂಗಲ್ ಕಲರೋ ಮಲ್ಟಿಕಲರೋ? ಕಾಗದ ಯಾವುದು, ಅದರ ತೂಕ ಎಷ್ಟು ಜಿಎಸ್‌ಎಂ? ಸೆಂಟರ್ ಪಿನ್ನೋ (ನಡುಮಡಿಕೆಗೆ ಪಿನ್), ಪರ್ಫೆಕ್ಟ್ ಬೈಂಡಿಂಗೋ (ಬೆನ್ನಿಗೆ ಅಂಟು)? ಇಷ್ಟು ಗೊತ್ತಿಲ್ಲದೆ ಫೈಲ್ ತೆರೆದರೆ ಅದು ಸರಿ ಇದೆಯೋ ತಪ್ಪಿದೆಯೋ ಅಂತ ಹೇಳುವುದಕ್ಕೆ ನಿಮ್ಮ ಹತ್ತಿರ ಅಳತೆಗೋಲೇ ಇರುವುದಿಲ್ಲ.

ಇನ್ನೊಂದು, ಫೈಲಿನ ಹೆಸರು. 'ಫೈನಲ್', 'ಫೈನಲ್ ಹೊಸದು', 'ಫೈನಲ್ ಲಾಸ್ಟ್' ಅಂತ ಮೂರು ಬಂದಿದ್ದರೆ ಅಲ್ಲೇ ನಿಲ್ಲಿ. ಯಾವುದು ಅಂತ ಫೋನ್ ಮಾಡಿ ಕೇಳಿ. ಆ ಒಂದನ್ನು ಬಿಟ್ಟು ಉಳಿದದ್ದನ್ನು ಬೇರೆ ಫೋಲ್ಡರಿಗೆ ಹಾಕಿ. ನಾನು ಹೆಸರಿನ ಕೊನೆಗೆ ತಾರೀಖು, ಗಂಟೆ ಹಾಕುತ್ತೇನೆ. ಹಳೆಯ ಫೈಲಿನಿಂದ ಪ್ಲೇಟ್ ಆದರೆ ತಿದ್ದಿದ ಕರಡೆಲ್ಲ ನೀರಿನಲ್ಲಿ ಹೋಮ.

ಕೋರಲ್ ಡ್ರಾ ಫೈಲನ್ನು ಹಾಗೇ ಪ್ರೆಸ್ಸಿಗೆ ಕೊಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಸಾಧ್ಯವಾದಷ್ಟು ಪಿಡಿಎಫ್ ಮಾಡಿ ಕೊಡಿ. ಹಳೆಯ ರಿಪ್ (ಫೈಲನ್ನು ಪ್ಲೇಟಿನ ಚುಕ್ಕಿಗಳಾಗಿ ಬದಲಾಯಿಸುವ ತಂತ್ರಾಂಶ) ಇರುವ ಕಡೆ ಪಿಡಿಎಫ್ ಎಕ್ಸ್-1ಎ ಅನ್ನುವ ಬಗೆಯ ಫೈಲ್ ಕೇಳುತ್ತಾರೆ. ಅದರಲ್ಲಿ ಫಾಂಟ್ ಎಲ್ಲ ಒಳಗೇ ಇರುತ್ತದೆ, ಆರ್‌ಜಿಬಿ ಅನ್ನುವ ಪರದೆಯ ಬಣ್ಣ ಇರುವುದಿಲ್ಲ, ನೆರಳು ಪಾರದರ್ಶಕಗಳೆಲ್ಲ ಚಪ್ಪಟೆಯಾಗಿರುತ್ತವೆ. ಹೊಸ ರಿಪ್ ಇದ್ದರೆ ಎಕ್ಸ್-4 ಒಳ್ಳೆಯದು. ಪ್ರೆಸ್ಸಿನವರನ್ನೇ ಕೇಳಿ, ಅವರು ಹೇಳಿದ್ದನ್ನು ಕೊಡಿ.

ಅಳತೆ, ಬ್ಲೀಡ್

ಇದು ಐದು ನಿಮಿಷದ ಕೆಲಸ. ಕನ್ನಡ ಪುಸ್ತಕಗಳಲ್ಲಿ ತುಂಬ ಬಳಕೆಯಲ್ಲಿರುವುದು ಡೆಮ್ಮಿ 1/8. ಕಟಿಂಗ್ ಆದ ಮೇಲೆ 5.5 ಇಂಚು ಅಗಲ, 8.5 ಇಂಚು ಎತ್ತರ. ಡಿಟಿಪಿಯಲ್ಲಿ ಎ5 ಅಂತ ಇಟ್ಟುಕೊಂಡು ಬಂದಿದ್ದರೆ ಅದು 148 ಮಿಮೀ ಅಗಲ, 210 ಮಿಮೀ ಎತ್ತರ. ಎರಡೂ ಒಂದೇ ಥರ ಕಾಣುತ್ತವೆ, ಆದರೆ ಅಗಲದಲ್ಲಿ 8 ಮಿಮೀ ವ್ಯತ್ಯಾಸ. ಅಂಚು ತಿನ್ನುವುದು ಇಲ್ಲಿಂದಲೇ.

ಅಂಚಿನವರೆಗೂ ಬಣ್ಣವೋ ಫೋಟೊವೋ ಇದ್ದರೆ ನಾಲ್ಕೂ ಕಡೆ 3 ಮಿಮೀ ಬ್ಲೀಡ್ ಬೇಕು, ಅಂದರೆ ಹಿನ್ನೆಲೆ ಕಟಿಂಗ್ ಗೆರೆಯಿಂದ ಅಷ್ಟು ಆಚೆಗೆ ಚಾಚಿರಬೇಕು. ಎ4 ಕರಪತ್ರ 210 ಮತ್ತು 297 ಇರುವುದು ಬ್ಲೀಡ್ ಸೇರಿ 216 ಮತ್ತು 303 ಆಗಬೇಕು. ಬ್ಲೀಡ್ ಇಲ್ಲ ಅಂತ ಇಡೀ ಪುಟವನ್ನು ಸ್ವಲ್ಪ ಹಿಗ್ಗಿಸುವವರಿದ್ದಾರೆ. ಹಾಗೆ ಮಾಡಿದರೆ ಅಂಚಿನ ಹತ್ತಿರ ಇರುವ ಅಕ್ಷರವೂ ಕಟಿಂಗ್ ಗೆರೆಯ ಕಡೆ ಸರಿಯುತ್ತದೆ. ಹಿನ್ನೆಲೆಯನ್ನು ಮಾತ್ರ ಎಳೆಯಿರಿ.

ಅಕ್ಷರಗಳು ಕಟಿಂಗ್ ಗೆರೆಯಿಂದ ಕನಿಷ್ಠ 5 ಮಿಮೀ ಒಳಗಿರಲಿ. ಕನ್ನಡದಲ್ಲಿ ಇದನ್ನು ಅಳೆಯುವಾಗ ಅಕ್ಷರದ ಬುಡದಿಂದ ಅಳೆಯಬೇಡಿ. ಒತ್ತಕ್ಷರ ಕೆಳಗೆ ಇಳಿದಿರುತ್ತದಲ್ವಾ, ಅದರ ತುದಿಯಿಂದ ಅಳೆಯಿರಿ. ಪುಟದ ಕೆಳಗಿನ ಸಾಲಿನಲ್ಲಿ 'ರಾಷ್ಟ್ರ' ಅಂತ ಇದ್ದರೆ ಅದರ ಟ ಒತ್ತು, ರ ಒತ್ತು ಎರಡೂ ನಾವು ಅಂದುಕೊಂಡದ್ದಕ್ಕಿಂತ ಕೆಳಗೆ ಹೋಗಿರುತ್ತವೆ.

ಕನ್ನಡ ಅಕ್ಷರ: ಇಲ್ಲಿ ಅವಸರ ಬೇಡ

ಬೇರೆ ಭಾಷೆಯವರು ಬರೆದ ಪರೀಕ್ಷಾ ಪಟ್ಟಿಗಳಲ್ಲಿ ಇದು ಇರುವುದೇ ಇಲ್ಲ. ನಮಗೆ ಇದೇ ಮುಖ್ಯ.

ಅಕ್ರೋಬ್ಯಾಟ್‌ನಲ್ಲಿ ಫೈಲ್ ತೆರೆದು ಕಂಟ್ರೋಲ್ ಡಿ ಒತ್ತಿ, ಫಾಂಟ್ಸ್ ಅನ್ನುವ ಕಡೆ ಹೋಗಿ. ಪ್ರತಿ ಫಾಂಟಿನ ಹೆಸರಿನ ಮುಂದೆಯೂ 'ಎಂಬೆಡೆಡ್' ಅಂತ, ಅಂದರೆ ಫೈಲಿನ ಒಳಗೇ ಸೇರಿದೆ ಅಂತ, ಇರಬೇಕು. ಒಂದಕ್ಕೆ ಇಲ್ಲದಿದ್ದರೂ ಫೈಲ್ ವಾಪಸ್. ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇರುವುದರಿಂದ ನಿಮಗೆ ಸರಿಯಾಗಿಯೇ ಕಾಣುತ್ತದೆ. ಸಿಟಿಪಿ (ಕಂಪ್ಯೂಟರಿನಿಂದ ನೇರವಾಗಿ ಪ್ಲೇಟ್) ಮಾಡುವವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಲ್ಲಿ ಏನಾಗುತ್ತದೆ ಗೊತ್ತಾ? ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಕಳಚಿದ ತಕ್ಷಣ 'ಕನ್ನಡ' ಅನ್ನುವ ಪದ ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ ನಡುವೆ ಒಂದು ಪೌಂಡ್ ಗುರುತು ಹೊತ್ತುಕೊಂಡು ನಿಲ್ಲುತ್ತದೆ. ಇಡೀ ಪುಟ ಹೀಗಾದರೆ ಯಾರಿಗಾದರೂ ಕಣ್ಣಿಗೆ ಬೀಳುತ್ತದೆ. ಪುಟದ ಕೆಳಗೆ ಸಣ್ಣ ಅಡಿಟಿಪ್ಪಣಿಯಲ್ಲಿ ಒಂದೇ ಪದ ಹೀಗಾದರೆ ಯಾರೂ ನೋಡುವುದಿಲ್ಲ.

ಈ ಹಳೆಯ ಫಾಂಟ್‌ಗಳಿಗೆ ಇನ್ನೂ ಎರಡು ಕಾಟ ಇವೆ. ಪೇಜ್‌ಮೇಕರ್ ಆಗಲಿ ಬೇರೆ ತಂತ್ರಾಂಶವಾಗಲಿ, ಅದನ್ನು ಇಂಗ್ಲಿಷ್ ಅಂತಲೇ ತಿಳಿದುಕೊಳ್ಳುತ್ತದೆ. ಹೈಫನೇಷನ್ ಚಾಲೂ ಇದ್ದರೆ ಸಾಲಿನ ಕೊನೆಯಲ್ಲಿ ಪದವನ್ನು ಮನಸ್ಸಿಗೆ ಬಂದ ಕಡೆ ಮುರಿಯುತ್ತದೆ. ಅಕ್ಷರ ಮೇಲಿನ ಸಾಲಿನಲ್ಲಿ, ಅದರ ದೀರ್ಘ ಕೆಳಗಿನ ಸಾಲಿನಲ್ಲಿ. ಎರಡನೆಯದು, ವರ್ಡ್‌ನಲ್ಲಿ ಟೈಪ್ ಮಾಡಿದ್ದರೆ ವಾಕ್ಯದ ಮೊದಲ ಅಕ್ಷರವನ್ನು ಅದು ತಾನಾಗಿಯೇ ದೊಡ್ಡಕ್ಷರ ಮಾಡುತ್ತದೆ. ದೊಡ್ಡಕ್ಷರದ ಜಾಗದಲ್ಲಿ ಬೇರೆಯೇ ಕನ್ನಡ ಅಕ್ಷರ ಕೂತಿರುತ್ತದೆ. ಪ್ರತಿ ವಾಕ್ಯದ ಮೊದಲ ಅಕ್ಷರ ತಪ್ಪಿದ್ದರೆ ಟೈಪ್ ಮಾಡಿದವರನ್ನು ಬೈಯಬೇಡಿ, ಕಾರಣ ಇದು.

ಯುನಿಕೋಡ್ ಆದರೆ ಎಲ್ಲ ಸರಿ ಅಂತ ಅಂದುಕೊಳ್ಳುವ ಹಾಗೂ ಇಲ್ಲ. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡದೆ ಇದ್ದರೆ ಒತ್ತಕ್ಷರ ಕೂಡುವುದಿಲ್ಲ. ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ಇಡೀ ಪುಸ್ತಕಕ್ಕೆ ಸರಿಯಾಗಿ ಇಟ್ಟು, ಆಮೇಲೆ ಬೇರೆ ಕಡೆಯಿಂದ ತಂದು ಅಂಟಿಸಿದ ಒಂದು ಪ್ಯಾರಾ ಮಾತ್ರ ತಪ್ಪಿರುವುದನ್ನು ಬಹಳ ಸಲ ನೋಡಿದ್ದೇನೆ. ಮುನ್ನುಡಿ, ಬೆನ್ನುಡಿ, ಲೇಖಕರ ಪರಿಚಯ ಸಾಮಾನ್ಯವಾಗಿ ಕೊನೇ ಗಳಿಗೆಯಲ್ಲಿ ಬರುತ್ತವೆ. ಅವುಗಳನ್ನೇ ಮೊದಲು ನೋಡಿ.

ಹಳೆಯದರಿಂದ ಯುನಿಕೋಡ್‌ಗೆ ಬದಲಾಯಿಸಿದ ಪಠ್ಯವಾದರೆ ಅರ್ಕಾವೊತ್ತು ಹುಡುಕಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಬದಲಾಯಿಸುವಾಗ ಜಾಗ ತಪ್ಪಿದರೆ 'ಸೂರ್ಯ', 'ಮರ್ಯಾದೆ', 'ವರ್ಷ' ಕೆಡುತ್ತವೆ. ಇನ್ನು ಕಣ್ಣಿಗೆ ಕಾಣದ ಜೋಡಕ, ಬಿಡಿಸುವ ಗುರುತುಗಳು. ಅವು ಬಿದ್ದುಹೋದರೆ 'ಸಾಫ್ಟ್‌ವೇರ್' ಅನ್ನುವುದು 'ಸಾಫ್ಟ್ವೇರ್' ಆಗುತ್ತದೆ. 'ರ‍್ಯಾಂಕ್' ಅನ್ನುವುದು 'ರ್ಯಾಂಕ್' ಆಗಿ ರಕಾರ ತಲೆ ತಪ್ಪಿಸಿಕೊಂಡು ಯಕಾರದ ಪಕ್ಕ ಹೋಗಿ ಕೂರುತ್ತದೆ.

ನಾನು ಇಂಥ ಪದಗಳ ಒಂದು ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ: ಸ್ತ್ರೀ, ರಾಷ್ಟ್ರ, ಸೂರ್ಯ, ಕೃಷ್ಣ, ಜ್ಞಾನ, ಕ್ಷೇತ್ರ, ಹೃದಯ, ರ‍್ಯಾಲಿ, ಸಾಫ್ಟ್‌ವೇರ್. ಫೈಲ್ ಬಂದಾಗ ಈ ಜಾತಿಯ ಪದಗಳನ್ನು ಪುಟದಲ್ಲಿ ಹುಡುಕಿ, ಪರದೆಯನ್ನು 400% ಹಿಗ್ಗಿಸಿ ನೋಡುತ್ತೇನೆ. ಇಡೀ ಪುಸ್ತಕ ಓದುವುದಕ್ಕೆ ನಮಗೆ ಸಮಯ ಇರುವುದಿಲ್ಲ, ಅದು ಕರಡು ತಿದ್ದುವವರ ಕೆಲಸ. ಆದರೆ ಈ ಒಂಬತ್ತು ಪದಗಳ ಜಾತಿ ಸರಿ ಇದ್ದರೆ ಉಳಿದದ್ದೂ ಬಹುತೇಕ ಸರಿ ಇರುತ್ತದೆ.

ಕೋರಲ್‌ನಲ್ಲಿ ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಬರೀ ಆಕಾರವಾಗಿ ಬದಲಾಯಿಸಿ ಕೊಟ್ಟಿದ್ದರೆ ಫಾಂಟಿನ ಚಿಂತೆ ಇಲ್ಲ. ಆದರೆ ಬೇರೆ ಒಂದು ಚಿಂತೆ ಇದೆ. ಕರ್ವ್ ಮಾಡಿದ ಮೇಲೆ ಎಲ್ಲವನ್ನೂ ಹಿಡಿದು 'ಕಂಬೈನ್' ಮಾಡಿದರೆ, ಅಕ್ಷರವೂ ಅದರ ಗುಣಿತವೂ ಒಂದರ ಮೇಲೊಂದು ಬರುವ ಜಾಗದಲ್ಲಿ ಬಿಳಿ ತೂತು ಬೀಳುತ್ತದೆ. 12 ಪಾಯಿಂಟ್ ಅಕ್ಷರದಲ್ಲಿ ಅದು ಸಾಸಿವೆಗಿಂತ ಸಣ್ಣದು. ಅದೇ ಅಕ್ಷರ ಬ್ಯಾನರಿನ ಗಾತ್ರಕ್ಕೆ ಹೋದಾಗ ಊರಿಗೆಲ್ಲ ಕಾಣುತ್ತದೆ. ಕಂಬೈನ್ ಬದಲು 'ವೆಲ್ಡ್' ಮಾಡಿ, ಇಲ್ಲ ಸುಮ್ನೆ ಗ್ರೂಪ್ ಮಾಡಿ ಬಿಡಿ.

ಕೊನೆಯದಾಗಿ ಬಿಳಿ ಅಕ್ಷರ. ನಾಲ್ಕು ಬಣ್ಣದ ಕಪ್ಪು ಅಥವಾ ಕಂದು ಹಿನ್ನೆಲೆಯ ಮೇಲೆ 8 ಪಾಯಿಂಟ್ ಕನ್ನಡ ಅಕ್ಷರವನ್ನು ಬಿಳಿಯಾಗಿ ಬಿಟ್ಟಿದ್ದಾರೆ ಅಂದುಕೊಳ್ಳಿ. ಒತ್ತು ಅದಕ್ಕಿಂತಲೂ ಚಿಕ್ಕದು. ಅದರ ಗೆರೆ ಕೂದಲಿನಷ್ಟು. ಮಷೀನ್‌ನಲ್ಲಿ ನಾಲ್ಕು ಬಣ್ಣ ಒಂದಕ್ಕೊಂದು ಒಂದಿಷ್ಟೇ ಸರಿದರೂ ಆ ಗೆರೆ ಮುಚ್ಚಿಹೋಗುತ್ತದೆ. 'ಅಕ್ಕ' ಅಂತ ಬರೆದದ್ದು 'ಅಕ' ಆಗುತ್ತದೆ. ನಾನು 10 ಪಾಯಿಂಟಿಗಿಂತ ಚಿಕ್ಕದನ್ನು ಹೀಗೆ ಬಿಡುವುದಿಲ್ಲ. ಬಿಡಲೇಬೇಕಾದರೆ ಬೋಲ್ಡ್ ಮಾಡಿಸುತ್ತೇನೆ.

ಫೋಟೊ

ಇಲ್ಲಿ ಲೆಕ್ಕ ಸುಲಭ. ಅಚ್ಚಾಗುವ ಗಾತ್ರದಲ್ಲಿ ಇಂಚಿಗೆ 300 ಪಿಕ್ಸೆಲ್ ಬೇಕು. 1200 ಪಿಕ್ಸೆಲ್ ಅಗಲದ ಫೋಟೊ 4 ಇಂಚಿಗೆ ಸಾಕು. ಅದನ್ನೇ 8 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 150 ಪಿಕ್ಸೆಲ್ ಮಾತ್ರ ಉಳಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದು ಕುಗ್ಗಿರುತ್ತದೆ, ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೊಶಾಪ್‌ನಲ್ಲಿ 72 ಇದ್ದದ್ದನ್ನು 300 ಅಂತ ಬದಲಾಯಿಸಿದರೆ ಹೊಸ ವಿವರ ಹುಟ್ಟುವುದಿಲ್ಲ. ಸಹಿ, ರೇಖಾಚಿತ್ರ, ಮೊಹರಿನಂಥ ಬರೀ ಕಪ್ಪು ಗೆರೆಯ ಚಿತ್ರಕ್ಕೆ 1200 ಬೇಕು, ಇಲ್ಲದಿದ್ದರೆ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ.

ಬಣ್ಣ: ಒಂದೊಂದೇ ಪ್ಲೇಟ್ ತೆರೆಯಿರಿ

ಅಕ್ರೋಬ್ಯಾಟ್ ಪ್ರೊ ಇದ್ದರೆ ಪ್ರಿಂಟ್ ಪ್ರೊಡಕ್ಷನ್ ಒಳಗೆ ಔಟ್‌ಪುಟ್ ಪ್ರಿವ್ಯೂ ತೆರೆಯಿರಿ. ನನ್ನ ಕೆಲಸದ ಅರ್ಧ ಸಮಯ ಈ ಕಿಟಕಿಯಲ್ಲೇ ಕಳೆಯುತ್ತದೆ.

ಮೊದಲು ಪ್ಲೇಟ್‌ಗಳ ಪಟ್ಟಿ ನೋಡಿ. ನಾಲ್ಕು ಬಣ್ಣದ ಕೆಲಸಕ್ಕೆ ನಾಲ್ಕೇ ಹೆಸರಿರಬೇಕು. ಐದನೆಯದು ಇದ್ದರೆ ಯಾವುದೋ ಲೋಗೊ ಪ್ಯಾಂಟೋನ್ ಬಣ್ಣದಲ್ಲಿ (ಬೇರೆಯೇ ಕಲಸಿದ ಶಾಯಿ) ಇದೆ ಅಂತ ಅರ್ಥ. ಹಾಗೇ ಬಿಟ್ಟರೆ ಐದನೇ ಪ್ಲೇಟ್ ಬರುತ್ತದೆ, ಇಲ್ಲವೇ ಆ ಲೋಗೊ ಅಚ್ಚೇ ಆಗುವುದಿಲ್ಲ. ಆದರೆ ಡೈ ಕಟಿಂಗ್ (ಆಕಾರಕ್ಕೆ ಕತ್ತರಿಸುವುದು), ಫಾಯಿಲ್ (ಹೊಳೆಯುವ ಹಾಳೆಯ ಅಚ್ಚು), ಸ್ಪಾಟ್ ಯುವಿ (ಬೇಕಾದ ಕಡೆ ಮಾತ್ರ ಹೊಳಪಿನ ಲೇಪ) ಇರುವ ಲಗ್ನಪತ್ರಿಕೆಯಲ್ಲಿ ಆ ಗೆರೆಗಳು ಹೀಗೆ ಬೇರೆ ಬಣ್ಣವಾಗಿ ಇರುವುದೇ ಸರಿ. ಅವು ನಾಲ್ಕು ಪ್ಲೇಟ್‌ಗಳಲ್ಲಿ ಯಾವುದರಲ್ಲೂ ಬರಬಾರದು.

ಈಗ ಎಲ್ಲ ಟಿಕ್ ತೆಗೆದು ಬ್ಲ್ಯಾಕ್ ಒಂದನ್ನೇ ಇಡಿ. ಒಳಪುಟದ ಅಕ್ಷರವೆಲ್ಲ ಇಲ್ಲಿ ಪೂರ್ತಿ ಕಾಣಬೇಕು. ಆಮೇಲೆ ಬ್ಲ್ಯಾಕ್ ತೆಗೆದು ಉಳಿದ ಮೂರನ್ನು ಇಡಿ. ಅಕ್ಷರ ಮಾಯವಾಗಬೇಕು. ಮಾಯವಾಗದೆ ಮಸುಕಾಗಿ ಉಳಿದಿದ್ದರೆ ಅದು ನಾಲ್ಕು ಬಣ್ಣದ ಕಪ್ಪು. ವರ್ಡ್‌ನಿಂದ ಬಂದ ಆರ್‌ಜಿಬಿ ಕಪ್ಪು ಫೋಟೊಶಾಪ್‌ನ ಹಳೆಯ ಅಮೆರಿಕನ್ ಸೆಟ್ಟಿಂಗ್‌ನಲ್ಲಿ ಬದಲಾದಾಗ ಸಯಾನ್ 75, ಮೆಜೆಂತಾ 68, ಯೆಲ್ಲೊ 67, ಬ್ಲ್ಯಾಕ್ 90 ಆಗುತ್ತದೆ. 11 ಪಾಯಿಂಟ್ ಅಕ್ಷರವನ್ನು ನಾಲ್ಕು ಪ್ಲೇಟ್ ಸೇರಿ ಬರೆಯಬೇಕು ಅಂದರೆ ಒಂದು ಕೂದಲೆಳೆ ಸರಿದರೂ ಓದುವವರಿಗೆ ಅಕ್ಷರದ ಸುತ್ತ ಕೆಂಪು, ನೀಲಿ ನೆರಳು. ಪಠ್ಯದ ಕಪ್ಪು ಯಾವತ್ತೂ ಬ್ಲ್ಯಾಕ್ 100 ಮಾತ್ರ. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಸಯಾನ್ 40, ಮೆಜೆಂತಾ 30, ಯೆಲ್ಲೊ 30, ಬ್ಲ್ಯಾಕ್ 100 ಥರದ ಮಿಶ್ರಣ ಕೊಡಿ. ಬರೀ ಬ್ಲ್ಯಾಕ್ ಕೊಟ್ಟರೆ ಅಷ್ಟು ದೊಡ್ಡ ಜಾಗದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ.

'ರಿಜಿಸ್ಟ್ರೇಷನ್' ಅನ್ನುವ ಬಣ್ಣ ಪಟ್ಟಿಯಲ್ಲಿ ಕಪ್ಪಾಗಿಯೇ ಕಾಣುತ್ತದೆ. ಅದನ್ನು ಅಕ್ಷರಕ್ಕೆ ಹಾಕಿದರೆ ನಾಲ್ಕು ಪ್ಲೇಟ್‌ನಲ್ಲೂ 100, ಒಟ್ಟು 400%. ಅದು ಕತ್ತರಿಸುವ ಜಾಗ ತೋರಿಸುವ ಕ್ರಾಪ್ ಗುರುತುಗಳಿಗೆ ಮಾತ್ರ.

ಒಟ್ಟು ಶಾಯಿಯ ಮಿತಿಯನ್ನೂ ಇದೇ ಕಿಟಕಿಯಲ್ಲಿ ನೋಡಬಹುದು, ಟೋಟಲ್ ಏರಿಯಾ ಕವರೇಜ್ ಅನ್ನುವ ಕಡೆ. ಆರ್ಟ್ ಪೇಪರಿಗೆ 300ರಿಂದ 320%, ನ್ಯೂಸ್‌ಪ್ರಿಂಟಿಗೆ 240% ಇಟ್ಟು ನೋಡಿ. ದಾಟಿದ ಜಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಶಾಯಿ ಜಾಸ್ತಿಯಾದರೆ ಒಣಗುವುದಿಲ್ಲ. ಮೇಲಿನ ಹಾಳೆಯ ಹಿಂಬದಿಗೆ ಅಂಟುತ್ತದೆ. ಮಳೆಗಾಲದಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಈಗ ಕವಯಿತ್ರಿಯ ಹೆಸರಿಗೆ ಬರೋಣ.

ಓವರ್‌ಪ್ರಿಂಟ್ ಅಂತ ಒಂದು ಗುಣ ಇದೆ. ಬಣ್ಣದ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಬಂದಾಗ ಹಿನ್ನೆಲೆಯಲ್ಲಿ ಅಕ್ಷರದ ಆಕಾರದ ತೂತು ಮಾಡದೆ, ಮೇಲೆಯೇ ಅಚ್ಚು ಹಾಕು ಅಂತ ಹೇಳುವುದು. ಕಪ್ಪಿಗೆ ಅದು ಒಳ್ಳೆಯದು. ಆ ಮುಖಪುಟದಲ್ಲಿ ಹೆಸರು ಮೊದಲು ಕಪ್ಪು ಬಣ್ಣದಲ್ಲಿತ್ತು, ಓವರ್‌ಪ್ರಿಂಟ್ ಚಾಲೂ ಇತ್ತು. ಆಮೇಲೆ ಹಿನ್ನೆಲೆ ಕಡುನೀಲಿ ಆಯಿತು, ಹೆಸರನ್ನು ಬಿಳಿ ಮಾಡಿದರು. ಓವರ್‌ಪ್ರಿಂಟ್ ಹಾಗೇ ಉಳಿಯಿತು. ಬಿಳಿ ಅಂದರೆ ನಾಲ್ಕು ಪ್ಲೇಟ್‌ನಲ್ಲೂ ಸೊನ್ನೆ. ಸೊನ್ನೆಯನ್ನು ನೀಲಿಯ ಮೇಲೆ ಅಚ್ಚು ಹಾಕು ಅಂದರೆ ನೀಲಿಯೇ ಉಳಿಯುತ್ತದೆ. ಪ್ಲೇಟ್ ತನಗೆ ಹೇಳಿದ್ದನ್ನೇ ಮಾಡಿತ್ತು. ಪರದೆಯಾಗಲಿ ಆ ಲೇಸರ್ ಪ್ರಿಂಟರ್ ಆಗಲಿ ಓವರ್‌ಪ್ರಿಂಟನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಇದನ್ನು ಹಿಡಿಯುವುದು ಹೀಗೆ. ಅಕ್ರೋಬ್ಯಾಟ್‌ನ ಪ್ರಿಫರೆನ್ಸಸ್‌ನಲ್ಲಿ ಪೇಜ್ ಡಿಸ್‌ಪ್ಲೇ ತೆರೆದು 'ಯೂಸ್ ಓವರ್‌ಪ್ರಿಂಟ್ ಪ್ರಿವ್ಯೂ' ಅನ್ನುವುದನ್ನು 'ಆಲ್ವೇಸ್' ಮಾಡಿ. ಮೊದಲಿನಿಂದ ಅದು ಪಿಡಿಎಫ್ ಎಕ್ಸ್ ಫೈಲ್‌ಗಳಿಗೆ ಮಾತ್ರ ಇರುತ್ತದೆ. ಹೀಗೆ ಮಾಡಿಟ್ಟರೆ ಮಾಯವಾಗುವ ಅಕ್ಷರ ನಿಮ್ಮ ಪರದೆಯಲ್ಲೂ ಮಾಯವಾಗುತ್ತದೆ. ಸರಿಪಡಿಸುವುದು ಮೂಲ ಫೈಲ್‌ನಲ್ಲಿ. ಇನ್‌ಡಿಸೈನ್, ಇಲ್ಲಸ್ಟ್ರೇಟರ್‌ನಲ್ಲಿ ಆಟ್ರಿಬ್ಯೂಟ್ಸ್ ಪ್ಯಾನೆಲ್. ಕೋರಲ್‌ನಲ್ಲಿ ಅಕ್ಷರದ ಮೇಲೆ ರೈಟ್ ಕ್ಲಿಕ್ ಮಾಡಿ ಓವರ್‌ಪ್ರಿಂಟ್ ಫಿಲ್ ಮುಂದಿನ ಟಿಕ್ ತೆಗೆಯಿರಿ.

ಇದರ ತದ್ವಿರುದ್ಧವೂ ಆಗುತ್ತದೆ. ಇನ್‌ಡಿಸೈನ್‌ನ ಕಪ್ಪು ತಾನಾಗಿಯೇ ಓವರ್‌ಪ್ರಿಂಟ್ ಆಗುತ್ತದೆ. ಅರ್ಧ ಫೋಟೊ ಮೇಲೆ, ಅರ್ಧ ಬಿಳಿಯ ಮೇಲೆ ಒಂದು ದೊಡ್ಡ ಕಪ್ಪು ಪಟ್ಟಿ ಇದ್ದರೆ ಫೋಟೊ ಇರುವ ಕಡೆ ಕಡುಕಪ್ಪು, ಇಲ್ಲದ ಕಡೆ ತಿಳಿಕಪ್ಪು. ನಡುವೆ ಒಂದು ಗೆರೆ ಕಾಣುತ್ತದೆ.

ಇನ್ನು ತೆಳು ಗೆರೆಗಳು. ಕೋರಲ್‌ನಲ್ಲಿ 'ಹೇರ್‌ಲೈನ್' ಅಂತ ಇಟ್ಟದ್ದು ಪರದೆಯಲ್ಲಿ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. 2400 ಡಿಪಿಐ ಸಿಟಿಪಿಯಲ್ಲಿ ಒಂದು ಚುಕ್ಕಿ ಅಂದರೆ 0.01 ಮಿಮೀ. ಗೆರೆ ಅಷ್ಟು ತೆಳುವಾಗಿ ಬಂದರೆ ಕಾಗದದ ಮೇಲೆ ನಿಲ್ಲುವುದಿಲ್ಲ. ಕೋಷ್ಟಕದ ಗೆರೆ ಕನಿಷ್ಠ 0.25 ಪಾಯಿಂಟ್ ಇರಲಿ.

ಪುಟದ ಲೆಕ್ಕ, ಫಾರಂ

ಒಂದು ಹಾಳೆಯನ್ನು ಮೂರು ಸಲ ಮಡಚಿ. ಎಂಟು ಎಲೆ, ಹದಿನಾರು ಪುಟ; ಇದೇ ಒಂದು ಫಾರಂ. ಮಡಿಕೆ ಬಿಡಿಸದೆ ಮೂಲೆಯಲ್ಲಿ ಪೆನ್ಸಿಲ್‌ನಿಂದ 1ರಿಂದ 16ರವರೆಗೆ ಬರೆಯಿರಿ. ಈಗ ಬಿಚ್ಚಿ ನೋಡಿ. ಒಂದು ಮಗ್ಗುಲಲ್ಲಿ 1, 4, 5, 8, 9, 12, 13, 16. ಇನ್ನೊಂದರಲ್ಲಿ ಉಳಿದವು. ಕೆಲವು ತಲೆಕೆಳಗು. ಇದೇ ನಿಮ್ಮ ಡಮ್ಮಿ. ಇಂಪೋಸಿಷನ್ ಆದ, ಅಂದರೆ ಪುಟಗಳನ್ನು ಹಾಳೆಯ ಮೇಲೆ ಈ ಕ್ರಮಕ್ಕೆ ಜೋಡಿಸಿದ ಫೈಲನ್ನು ಇದರ ಪಕ್ಕ ಇಟ್ಟು ಪುಟ ಪುಟ ಹೋಲಿಸಿ.

ಬೆನ್ನಿನ ಮಡಿಕೆಯ ಎರಡೂ ಕಡೆ ಅಕ್ಕಪಕ್ಕ ಬರುವ ಎರಡು ಪುಟಗಳನ್ನು ಕೂಡಿಸಿದರೆ ಯಾವಾಗಲೂ ಒಂದೇ ಸಂಖ್ಯೆ ಬರಬೇಕು. ಮೊದಲ ಫಾರಂನಲ್ಲಿ 17: 1 ಮತ್ತು 16, 8 ಮತ್ತು 9. ಎರಡನೇ ಫಾರಂ 17ರಿಂದ 32 ಆದ್ದರಿಂದ 49. ಸೆಂಟರ್ ಪಿನ್ನಿನ 32 ಪುಟದ ಪುಸ್ತಕದಲ್ಲಿ ಎಲ್ಲ ಜೋಡಿಯೂ 33. ಕೂಡಿಸುವುದಕ್ಕೆ ಎರಡು ನಿಮಿಷ ಸಾಕು. ಇಷ್ಟು ಸರಳ ಲೆಕ್ಕ ದೊಡ್ಡ ತಪ್ಪುಗಳನ್ನು ಹಿಡಿಯುವುದನ್ನು ನೋಡಿ ನನಗೆ ಈಗಲೂ ಖುಷಿಯಾಗುತ್ತದೆ.

ಪುಸ್ತಕದಲ್ಲಿ ಬೆಸ ಸಂಖ್ಯೆ ಬಲಕ್ಕೇ ಇರಬೇಕು. ಖಾಲಿ ಪುಟಗಳು ಫೈಲಿನಲ್ಲಿ ನಿಜವಾಗಿ ಇವೆಯೇ ನೋಡಿ. 'ಅದು ಖಾಲಿ ತಾನೇ' ಅಂತ ಡಿಟಿಪಿಯವರು ತೆಗೆದಿದ್ದರೆ ಅಲ್ಲಿಂದ ಮುಂದಿನ ಪುಟವೆಲ್ಲ ಎಡಬಲ ತಿರುಗಿಕೊಳ್ಳುತ್ತದೆ. ಕರಡಿನ ಕೊನೇ ತಿದ್ದುಪಡಿಯಲ್ಲಿ ಒಂದು ಸಾಲು ಸೇರಿದ್ದರೂ ಆ ಅಧ್ಯಾಯದ ಕೊನೆಯವರೆಗೆ ನೋಡಿ, ಪರಿವಿಡಿಯ ಪುಟ ಸಂಖ್ಯೆಯನ್ನೂ ತಾಳೆ ಹಾಕಿ.

ಹಾಳೆಯನ್ನು ಮಷೀನ್ ಹಿಡಿದುಕೊಳ್ಳುವ ಗ್ರಿಪ್ಪರ್ ಕಡೆ ಸುಮಾರು 10ರಿಂದ 12 ಮಿಮೀ ಖಾಲಿ ಬೇಕು, ನಿಖರ ಅಳತೆಯನ್ನು ಮಷೀನ್‌ನವರಿಂದಲೇ ಕೇಳಿ. ಮುಖಪುಟದ ಬೆನ್ನಿನ ಅಗಲವನ್ನು ಬರೀ ಸೂತ್ರದಿಂದ ಲೆಕ್ಕ ಹಾಕಬೇಡಿ. ಅದೇ ರೀಮಿನಿಂದ ನೂರು ಹಾಳೆ ತೆಗೆದು ಒತ್ತಿ ಹಿಡಿದು ಅಳೆಯಿರಿ. 200 ಪುಟದ ಪುಸ್ತಕ ಅಂದರೆ ನೂರು ಎಲೆ. ನೂರು ಹಾಳೆ 9 ಮಿಮೀ ಬಂದರೆ ಬೆನ್ನು 9 ಮಿಮೀ.

ಓದಲೇಬೇಕಾದ ಸಾಲುಗಳು

ಎಲ್ಲವನ್ನೂ ಓದಲಾಗುವುದಿಲ್ಲ ಅಂದೆ. ಆದರೆ ಕೆಲವನ್ನು ಓದದೆ ಬಿಡಬೇಡಿ. ಮುಖಪುಟ, ಬೆನ್ನು, ಶೀರ್ಷಿಕೆ ಪುಟ ಮೂರರಲ್ಲೂ ಪುಸ್ತಕದ ಹೆಸರು, ಲೇಖಕರ ಹೆಸರು ಒಂದೇ ಥರ ಇದೆಯೇ? ಒಂದು ಕಡೆ ಇನಿಷಿಯಲ್ ಇದ್ದು ಇನ್ನೊಂದು ಕಡೆ ಇಲ್ಲವೇ? ಫೋನ್ ನಂಬರಿನಲ್ಲಿ ಹತ್ತು ಅಂಕಿ ಇದೆಯೇ?

ಲಗ್ನಪತ್ರಿಕೆಯಾದರೆ ತಾರೀಖು ಮತ್ತು ವಾರವನ್ನು ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ನೋಡಿ. 14-2-2027 ಶನಿವಾರ ಅಂತ ಇದ್ದರೆ ತಪ್ಪು, ಅದು ಭಾನುವಾರ. ಯಾವುದು ಸರಿ ಅಂತ ನೀವೇ ನಿರ್ಧರಿಸಬೇಡಿ. ತಪ್ಪಿರುವುದು ವಾರವೋ ತಾರೀಖೋ ಅನ್ನುವುದು ಮನೆಯವರಿಗೆ ಮಾತ್ರ ಗೊತ್ತು.

ಐಎಸ್‌ಬಿಎನ್ ಅನ್ನು (ಪುಸ್ತಕದ ಗುರುತಿನ ಸಂಖ್ಯೆ) ಲೆಕ್ಕ ಹಾಕಿಯೇ ಪರೀಕ್ಷಿಸಬಹುದು. ಹದಿಮೂರು ಅಂಕಿಗಳನ್ನು ಕ್ರಮವಾಗಿ 1, 3, 1, 3 ಅಂತ ಗುಣಿಸಿ ಕೂಡಿಸಿ. ಮೊತ್ತ ಹತ್ತರಿಂದ ಭಾಗವಾಗಬೇಕು. 9780306406157 ಅನ್ನುವುದನ್ನು ಹೀಗೆ ಮಾಡಿದರೆ 100 ಬರುತ್ತದೆ, ಸರಿ. ಬಾರ್‌ಕೋಡ್ ಗೆರೆ ಬರೀ ಬ್ಲ್ಯಾಕ್ 100ರಲ್ಲಿ, ಬಿಳಿಯ ಮೇಲೆ ಇರಲಿ. ಪೂರ್ತಿ ಗಾತ್ರ 37.29 ಮಿಮೀ ಅಗಲ, 25.93 ಮಿಮೀ ಎತ್ತರ. ಅದರ 80%ಗಿಂತ ಕೆಳಗೆ ಕುಗ್ಗಿಸಬೇಡಿ.

ಚುನಾವಣೆಯ ಕರಪತ್ರ ಬಂದರೆ ಇನ್ನೂ ಎಚ್ಚರ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಕರಪತ್ರದ ಮುಖದಲ್ಲೇ ಇರಬೇಕು. ಪ್ರಕಾಶಕರ ಸಹಿ ಇರುವ, ಇಬ್ಬರು ದೃಢೀಕರಿಸಿದ ಘೋಷಣೆಯ ಎರಡು ಪ್ರತಿ ಮೊದಲೇ ಪ್ರೆಸ್ಸಿನ ಕೈಗೆ ಬಂದಿರಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಒಂದು ಸಾಲು ಇಲ್ಲದೆ ನಾನು ಪ್ಲೇಟ್‌ಗೆ ಕಳಿಸುವುದಿಲ್ಲ, ಎಷ್ಟೇ ಅರ್ಜೆಂಟ್ ಅಂದರೂ.

ರಿಪ್ ಆದ ಮೇಲೆ

ಪಿಡಿಎಫ್ ಸರಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ರಿಪ್ ಅದನ್ನು ಚುಕ್ಕಿಗಳಾಗಿ ಬದಲಾಯಿಸುತ್ತದೆ. ಆ ಚುಕ್ಕಿಗಳ ಫೈಲನ್ನು ಪ್ಲೇಟ್ ಮೇಲೆ ಬರೆಯುವ ಮುನ್ನ ಪ್ರಿವ್ಯೂ ನೋಡಬಹುದು. ಸಿಟಿಪಿ ಹೊರಗೆ ಮಾಡಿಸುವವರಾದರೆ ಅಲ್ಲಿಗೇ ಹೋಗಿ ಅವರ ಪಕ್ಕ ಕೂತು ನೋಡಿ, ಇಲ್ಲ ಆ ಪ್ರಿವ್ಯೂವನ್ನೇ ಪಿಡಿಎಫ್ ಮಾಡಿ ಕಳಿಸಲು ಕೇಳಿ. ಹೆಚ್ಚಿನವರು ಬೇಸರ ಮಾಡಿಕೊಳ್ಳದೆ ಕಳಿಸುತ್ತಾರೆ. ಇಲ್ಲಿ ನೋಡಬೇಕಾದದ್ದು: ಆ ಕಷ್ಟದ ಪದಗಳು, ನೆರಳು ಇರುವ ಜಾಗ, ಬಿಳಿ ಅಕ್ಷರ, ತೆಳು ಗೆರೆ. ಪಿಡಿಎಫ್‌ನಲ್ಲಿ ಇದ್ದದ್ದು ಇಲ್ಲಿಯೂ ಇದೆಯೇ ಅಂತ ಮಾತ್ರ ಹೋಲಿಸಿ.

ಇದೇ ಹೊತ್ತಿಗೆ ಪೂರ್ತಿ ಗಾತ್ರದ ಒಂದು ಪ್ರಿಂಟ್ ತೆಗೆದು, ಮಡಚಿ, ಕತ್ತರಿಸಿ, ಪುಸ್ತಕದ ಹಾಗೆ ಕೈಯಲ್ಲಿ ಹಿಡಿದು ತಿರುವಿ. 'ಫಿಟ್ ಟು ಪೇಜ್' ಟಿಕ್ ಇರಬಾರದು. ಸ್ಕೇಲ್ ಇಟ್ಟು ಅಳೆದು ನೋಡಿ. ಆ ಡಮ್ಮಿಯ ಮೇಲೆ ಗಿರಾಕಿಯ ಸಹಿ, ತಾರೀಖು ಹಾಕಿಸಿಕೊಳ್ಳಿ. ಸಾಧ್ಯವಾದರೆ ಫೈಲ್ ಮಾಡಿದವರಲ್ಲದ ಇನ್ನೊಬ್ಬರು ಒಮ್ಮೆ ನೋಡಲಿ. ದಿನವಿಡೀ ಅದೇ ಪುಟ ನೋಡಿದ ಕಣ್ಣಿಗೆ ತಪ್ಪು ಕಾಣುವುದಿಲ್ಲ.

ಪ್ಲೇಟ್ ಕೈಗೆ ಬಂದಾಗ

ಪ್ಲೇಟ್ ಮೇಲಿರುವ ಬೇಡದ ಚುಕ್ಕಿ, ಗೆರೆಯನ್ನು ಅಳಿಸುವ ಪೆನ್ನಿನಿಂದ ತೆಗೆಯಬಹುದು. ಇಲ್ಲದ ಅಕ್ಷರವನ್ನು ಸೇರಿಸಲು ಬರುವುದಿಲ್ಲ, ಹೊಸ ಪ್ಲೇಟೇ ಬೇಕು. ಹಾಗಾಗಿ ಮಷೀನ್‌ಗೆ ಏರಿಸುವ ಮೊದಲು ಮೇಜಿನ ಮೇಲೆ ಮಲಗಿಸಿ, ಒಳ್ಳೆಯ ಬೆಳಕಿನಲ್ಲಿ ನೋಡಿ. ನಾಲ್ಕೂ ಬಂದಿವೆಯೇ? ಅಂಚಿನಲ್ಲಿ ಬಣ್ಣದ ಹೆಸರು, ಫಾರಂ ಸಂಖ್ಯೆ ಇದೆಯೇ? ಗೀರು ಬಿದ್ದಿದೆಯೇ, ಮೂಲೆ ಬಗ್ಗಿದೆಯೇ? ಹಳೆಯ ಪ್ಲೇಟ್ ಇದ್ದರೆ ಅದರ ಮೇಲೆ ಅಡ್ಡ ಗೆರೆ ಎಳೆದು ಬೇರೆ ಕಡೆ ಇಡಿ, ಎರಡೂ ಒಂದೇ ಕಟ್ಟಿನಲ್ಲಿ ಇರಬಾರದು.

ಬ್ಲ್ಯಾಕ್ ಪ್ಲೇಟ್ ಮೇಲೆ ಸಹಿಯಾದ ಡಮ್ಮಿ ಇಟ್ಟು ಸಾಲು ಸಾಲು ತಾಳೆ ನೋಡಿ. ಆಮೇಲೆ ಭೂತಗನ್ನಡಿ ತೆಗೆದುಕೊಂಡು ಮುಖಪುಟದ ಪ್ಲೇಟ್‌ಗಳಲ್ಲಿ ಲೇಖಕರ ಹೆಸರಿರುವ ಜಾಗಕ್ಕೆ ಹೋಗಿ. ಬಿಳಿ ಅಕ್ಷರವಾದರೆ ಹಿನ್ನೆಲೆಯ ಬಣ್ಣ ಇರುವ ಪ್ರತಿಯೊಂದು ಪ್ಲೇಟ್‌ನಲ್ಲೂ ಆ ಹೆಸರಿನ ಆಕಾರದಲ್ಲಿ ಖಾಲಿ ಜಾಗ ಇರಬೇಕು. ಕಡುನೀಲಿಯಾದರೆ ಸಯಾನ್‌ನಲ್ಲಿ, ಮೆಜೆಂತಾದಲ್ಲಿ, ಬ್ಲ್ಯಾಕ್‌ನಲ್ಲಿ. ಒತ್ತು, ದೀರ್ಘ, ಅರ್ಕಾವೊತ್ತು ಎಲ್ಲ ಬಿಡಿಬಿಡಿಯಾಗಿ ಕಾಣಬೇಕು. ಆ ಕವಯಿತ್ರಿಯ ಎರಡನೇ ಸಂಕಲನ ಬಂದಾಗ ಮೂರೂ ಪ್ಲೇಟ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಅವರ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದ ಮೇಲೆಯೇ ಮಷೀನ್‌ನವರ ಕೈಗೆ ಕೊಟ್ಟೆ.